ಲಾವಣಿಯೊಳಗಿನ ದೇಶಾಭಿಮಾನ



ಅಜ್ಜಂಪುರದಲ್ಲಿ ಹತ್ತನೆಯ ತರಗತಿಗೆ ‘ಹಲಗಲಿ ಬೇಡರು’ ಲಾವಣಿಯನ್ನು ಪಾಠಮಾಡುತ್ತಿದ್ದಾಗ ಹುಡುಗಿಯೊಬ್ಬಳು, “ಸಾರ್, ಅವರು ಹೋರಾಡಿದ್ದು ತಮ್ಮ ಆಯುಧಗಳಿಗಾಗಿ. ಇದರಲ್ಲಿ ದೇಶಭಕ್ತಿ ಎಲ್ಲಿದೆ?” ಎಂದು ಕೇಳಿದ್ದಳು. ಪರೀಕ್ಷೆಗೆ ಬೇಕಾದ ಉತ್ತರವನ್ನಷ್ಟೇ ಹೇಳಿ ಮುಂದೆ ಸಾಗಿದ್ದೆ. ಆ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಅನುಮತಿಯಿಲ್ಲದೆ ಆಯುಧ ಇರಿಸಿಕೊಳ್ಳಬಾರದೆಂದು ಬ್ರಿಟಿಷರು 1857ರಲ್ಲಿ ಕಾನೂನು ಮಾಡಿದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೇ ಅನ್ನ, ಆಯುಧವೇ ಮಾನ. ಅವರು ಒಪ್ಪಲಿಲ್ಲ, ದಂಡು ಬಂದು ಊರನ್ನು ಸುಟ್ಟಿತು. ಸರ್ಕಾರದ ಲೆಕ್ಕದಲ್ಲಿ ಅವರು ದಂಗೆಕೋರರು. ಲಾವಣಿಕಾರನಾದರೋ ಅವರ ಶೌರ್ಯವನ್ನೂ ಊರಿನ ಗೋಳನ್ನೂ ಹಾಡಿದ. ಕೇಳುಗರು ಅದನ್ನು ತಮ್ಮದೆಂದು ಬಗೆದುದರಿಂದಲೇ ಹಾಡು ಬಾಯಿಂದ ಬಾಯಿಗೆ ಉಳಿಯಿತು. ಅದನ್ನು ಸಂಗ್ರಹಿಸಿ ಅಚ್ಚುಹಾಕಿಸಿದವರು ಬ್ರಿಟಿಷ್ ಅಧಿಕಾರಿಯೇ ಆಗಿದ್ದ ಜೆ. ಎಫ್. ಫ್ಲೀಟ್!

ನಮ್ಮ ತರೀಕೆರೆಯ ಪಾಳೆಯಗಾರ ಮನೆತನವೂ 1830ರ ನಗರ ದಂಗೆಗೆ ಇಳಿದಿತ್ತು. ಅಲ್ಲಿಯೂ ಕಂದಾಯದ ಹೊರೆಯಿಂದ ನೊಂದ ರೈತರ ಕೂಗಿತ್ತು.

ಆ ವಿದ್ಯಾರ್ಥಿನಿ ಇದನ್ನು ಓದುತ್ತಿದ್ದರೆ ಈಗ ಉತ್ತರಿಸುವೆ: ತಾಯಿ, ಅನ್ನ, ಮಾನ, ಊರುಗಳ ಮೇಲಿನ ಅಭಿಮಾನವೇ ಬೇರು. ದೇಶಾಭಿಮಾನವೆಂಬ ಹೆಸರನ್ನು ನಾವು ಆಮೇಲೆ ಇಟ್ಟೆವು.