ಎಡೆದೊರೆ ನಾಡಿನಲ್ಲಿ ಯೇಸುವಿನ ಶಿಷ್ಯರು

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಲಿಂಗಸುಗೂರು, ಮಸ್ಕಿ, ಸಿಂಧನೂರು ಈ ಸೀಮೆಯಲ್ಲಿ ಒಂದರ ಹಿಂದೆ ಒಂದು ಸಿಗುವ ಊರುಗಳು. ಇಲ್ಲಿನ ಕ್ರೈಸ್ತರ ಬಗ್ಗೆ ಬರೆದವರು ಹೆಚ್ಚಾಗಿ ಆ ಧರ್ಮವನ್ನು ಯಾರು ತಂದರು, ಯಾವಾಗ ತಂದರು ಎಂಬುದನ್ನೇ ಹುಡುಕಿದ್ದಾರೆ. ಆ ಹುಡುಕಾಟವೂ ಬೇಕು. ಆದರೆ ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಬೇರೊಂದು. ಗುರು ಯಾರು, ಶಿಷ್ಯ ಯಾರು ಎಂಬುದನ್ನು ಶತಮಾನಗಳಿಂದ ಬಲ್ಲ ಈ ನೆಲದಲ್ಲಿ ಯೇಸುವಿನ ಶಿಷ್ಯನಾಗುವುದಕ್ಕೆ ಏನು ಅರ್ಥ ಬಂತು? ಪರಿಚಿತವಾದ ಗುರುಭಕ್ತಿಯ ಚೌಕಟ್ಟಿನಲ್ಲೇ ಜನ ಅದನ್ನು ಒಪ್ಪಿಕೊಂಡರು. ಆದರೆ ಪಾದ ತೊಳೆಯುವುದು ಮತ್ತು ಪಂಕ್ತಿಯಲ್ಲಿ ಕೂಡುವುದು, ಈ ಎರಡು ಕಡೆ ಆ ಚೌಕಟ್ಟು ಬಿರುಕುಬಿಟ್ಟಿತು. ಇಲ್ಲಿನ ಕ್ರೈಸ್ತ ಚರಿತ್ರೆಯ ತಿರುಳು ಆ ಬಿರುಕಿನಲ್ಲಿದೆ ಎಂಬುದು ಈ ಲೇಖನದ ವಾದ.

ಮೊದಲು ಸುವಾರ್ತೆಗಳು ಹೇಳುವುದನ್ನು ನೋಡೋಣ. ತಿಬೇರಿಯಸ್ ಚಕ್ರವರ್ತಿಯ ಆಳ್ವಿಕೆಯ 15ನೆಯ ವರ್ಷದಲ್ಲಿ, ಅಂದರೆ ಸುಮಾರು ಕ್ರಿ.ಶ. 28–29ರಲ್ಲಿ, ಸ್ನಾನಿಕ ಯೊವಾನ್ನ ಬೋಧನೆಗೆ ತೊಡಗಿದನೆಂದು ಲೂಕ ಬರೆಯುತ್ತಾನೆ. ಅದರ ಬೆನ್ನಿಗೇ ಯೇಸುವಿನ ಸೇವೆ ಆರಂಭವಾಗುತ್ತದೆ. ಅದು ನಡೆದದ್ದು ಹೆಚ್ಚಾಗಿ ರಾಜಧಾನಿಯಲ್ಲಲ್ಲ, ಗಲಿಲೇಯದ ಹಳ್ಳಿಗಳಲ್ಲಿ, ಕೆರೆದಂಡೆಯಲ್ಲಿ, ಊಟದ ಮನೆಗಳಲ್ಲಿ. ನಜರೇತಿನ ಪ್ರಾರ್ಥನಾ ಮಂದಿರದಲ್ಲಿ ಯೆಶಾಯನ ಗ್ರಂಥವನ್ನು ಬಿಚ್ಚಿ, ಬಡವರಿಗೆ ಶುಭಸಂದೇಶ ಮತ್ತು ಸೆರೆಯವರಿಗೆ ಬಿಡುಗಡೆಯನ್ನು ಸಾರುವ ಭಾಗವನ್ನು ಓದಿ, ಅದು ಈ ದಿನವೇ ನೆರವೇರಿತು ಎಂದವನು ಆತ. ಯೆಹೂದ್ಯರ ನಡುವೆ ಶಿಷ್ಯರು ತಮಗೆ ಬೇಕಾದ ಬೋಧಕನನ್ನು ಹುಡುಕಿಕೊಂಡು ಹೋಗುವುದು ರೂಢಿ. ಯೇಸು ತಾನೇ ಹೋಗಿ ಬಲೆಗಾರರನ್ನು ಕರೆದ, ಸುಂಕದವನನ್ನು ಕರೆದ. ಮಗ್ದಲದ ಮರಿಯಾ, ಯೊವಾನ್ನಾ, ಸುಸನ್ನಾ ಎಂಬ ಹೆಂಗಸರು ತಮ್ಮ ಸ್ವಂತ ಹಣದಿಂದ ಆ ತಂಡವನ್ನು ಸಾಕಿದರೆಂದು ಲೂಕನೇ ದಾಖಲಿಸಿದ್ದಾನೆ. ಯೇಸುವೇ ಮೆಸ್ಸೀಯನೆಂದು ಪೇತ್ರ ಒಪ್ಪಿಕೊಂಡದ್ದು ಫಿಲಿಪ್ಪನ ಕೈಸರೇಯದ ಹಾದಿಯಲ್ಲಿ. ಮಾರ್ಕನ ಪ್ರಕಾರ ಆ ಕ್ಷಣದಿಂದಲೇ ಯೇಸು ಪಟ್ಟದ ಮಾತಾಡದೆ ಪಾಡಿನ ಮಾತಾಡುತ್ತಾನೆ. ಹಿಂಬಾಲಿಸುವವನು ತನ್ನ ಶಿಲುಬೆಯನ್ನು ತಾನೇ ಹೊರಬೇಕು ಎನ್ನುತ್ತಾನೆ. ಶಿಷ್ಯತ್ವದ ಬೆಲೆಯನ್ನು ಮೊದಲೇ ಹೇಳಿಬಿಡುವ ಈ ನೇರತನ ನನಗೆ ಸುವಾರ್ತೆಗಳ ಅತ್ಯಂತ ಪ್ರಾಮಾಣಿಕ ಗುಣವಾಗಿ ಕಾಣುತ್ತದೆ.

ಇನ್ನು ಈ ನೆಲದ ಮಾತು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಇಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಕಂಡ ಅಶೋಕನ ಶಾಸನ ಚಕ್ರವರ್ತಿಯ ಹೆಸರನ್ನು ಹೇಳುವುದಕ್ಕಾಗಿ ಪ್ರಸಿದ್ಧ. ಅದು ಇನ್ನೊಂದು ಮಾತನ್ನೂ ಹೇಳುತ್ತದೆ: ಧರ್ಮದಲ್ಲಿ ನಿಂತರೆ ಸಣ್ಣವನೂ ಉನ್ನತ ಪದವಿಗೆ ಏರಬಲ್ಲ, ದೊಡ್ಡವರಿಗಷ್ಟೇ ಅದು ಸಾಧ್ಯ ಎಂದು ತಿಳಿಯಬಾರದು. ಶತಮಾನಗಳ ನಂತರ ಇದೇ ಸೀಮೆ ದಾಸರ, ಶರಣರ, ಅವಧೂತರ ನೆಲೆಯಾಯಿತು. ಸಿಂಧನೂರು ತಾಲ್ಲೂಕಿನ ಅಂಬಾಮಠದ ಸಿದ್ಧಪರ್ವತದಲ್ಲಿ ಚಿದಾನಂದ ಅವಧೂತರಿದ್ದರು. ಮಾನ್ವಿಯಲ್ಲಿ ಜಗನ್ನಾಥದಾಸರು. ಅವರು ಶಿಷ್ಯರಾದ ಐತಿಹ್ಯವನ್ನು ಇಲ್ಲಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಸಂಸ್ಕೃತ ಪಂಡಿತರಾಗಿದ್ದ ಅವರು ಕನ್ನಡದಲ್ಲಿ ಹಾಡುವ ವಿಜಯದಾಸರ ಊಟದ ಕರೆಯನ್ನು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು. ಆಮೇಲೆ ನಿಜವಾಗಿಯೇ ಹೊಟ್ಟೆನೋವು ಕಾಡಿತು. ಕೊನೆಗೆ ವಿಜಯದಾಸರ ಶಿಷ್ಯ ಗೋಪಾಲದಾಸರ ಕೃಪೆಯಿಂದ ಗುಣವಾಗಿ ಅವರಿಗೇ ಶಿಷ್ಯರಾದರು. ಒಬ್ಬರ ಪಂಕ್ತಿಯಲ್ಲಿ ಕೂಡಲು ಒಪ್ಪದ ಅಹಂಕಾರ ಮುರಿದ ಮೇಲೆಯೇ ಶಿಷ್ಯತ್ವ ಶುರುವಾಗುತ್ತದೆ ಎಂಬ ತಿಳಿವಳಿಕೆ ಯಾವ ಪಾದ್ರಿ ಬರುವುದಕ್ಕೂ ಕಾಯಬೇಕಿರಲಿಲ್ಲ.

ದಾಖಲೆಗಳಲ್ಲಿ ಈ ಸೀಮೆಗೆ ಬಂದ ಆರಂಭಿಕ ಕ್ರೈಸ್ತರು ಶಿಷ್ಯರಾಗಿ ಬಂದವರಲ್ಲ. 1520ರ ರಾಯಚೂರು ಕದನದಲ್ಲಿ ಕ್ರಿಸ್ತೊವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನು ಕೋವಿಗಾರರ ತಂಡದೊಡನೆ ಕೃಷ್ಣದೇವರಾಯನ ಪರವಾಗಿ ಕಾದಿದ್ದನ್ನು ಪೋರ್ಚುಗೀಸ್ ವೃತ್ತಾಂತಕಾರ ನೂನಿಜ್ ವಿವರವಾಗಿ ಬರೆದಿದ್ದಾನೆ. ಜೋಳಿಗೆ ಇಲ್ಲದೆ, ಹಣವಿಲ್ಲದೆ ಹಳ್ಳಿಗೆ ಹೋಗಿ ಎಂದು ಇಬ್ಬಿಬ್ಬರನ್ನಾಗಿ ಕಳುಹಿಸಿದವನ ಹೆಸರು ಹೇಳುವವರು ಇಲ್ಲಿಗೆ ಮದ್ದುಗುಂಡಿನೊಡನೆ ಬಂದರು. ಈ ವೈರುಧ್ಯವನ್ನು ಚರಿತ್ರೆಕಾರ ಮುಚ್ಚಿಡಬಾರದು.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕಥೆ ಬೇರೆ. ಅಲ್ಲಿನ ಚರ್ಚನ್ನು ಜೆಸ್ವಿಟರು 1557ಕ್ಕಿಂತ ಮೊದಲೇ ಕಟ್ಟಿದರೆಂದು ವಾಡಿಕೆಯಾಗಿ ಬರೆಯುತ್ತ ಬಂದಿದ್ದಾರೆ. ಕನ್ನಡ ನಾಡಿನ ಒಳನಾಡಿನಲ್ಲಿ ಇದು ಬಹಳ ಹಿಂದಿನ ವರ್ಷ. ಫ್ರಾನ್ಸಿಸ್ ಜೇವಿಯರ್ ಗೋವಾಕ್ಕೆ ಬಂದದ್ದೇ 1542ರಲ್ಲಿ. ಬಿಜಾಪುರದ ಅಲಿ ಆದಿಲ್ ಶಾಹನ ಕೋರಿಕೆಯ ಮೇರೆಗೆ ಗೊನ್ಸಾಲೊ ರೊಡ್ರಿಗಸ್ ಎಂಬ ಜೆಸ್ವಿಟ್ ಗುರು ಆ ದರಬಾರಿಗೆ ಹೋದದ್ದು 1561ರಲ್ಲಿ. ಮುದಗಲ್ಲು ಆಗ ಬಿಜಾಪುರ ಮತ್ತು ವಿಜಯನಗರ ಕಿತ್ತಾಡುತ್ತಿದ್ದ ಗಡಿಕೋಟೆ. ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ, 1557 ಎಂಬುದನ್ನು ಕಟ್ಟಡದ ವರ್ಷವೆಂದು ಹಿಡಿಯುವುದಕ್ಕಿಂತ ಸಮುದಾಯ ತನ್ನ ಹಳಮೆಯನ್ನು ನೆನೆಯುವ ರೀತಿಯೆಂದು ಹಿಡಿಯುವುದೇ ಸರಿ ಎನಿಸುತ್ತದೆ. ಹಳಮೆಯ ಬಗ್ಗೆ ಮಾತ್ರ ಸಂಶಯ ಬೇಡ. ಗೋವಾ ಮತ್ತು ಬಿಜಾಪುರದ ನಡುವಿನ ವ್ಯವಹಾರದ ಜಾಡಿನಲ್ಲೇ ಈ ಸಮುದಾಯ ಬೆಳೆಯಿತು.

ಮುದಗಲ್ಲಿನ ಹಿರಿಮೆ ಭಾಷೆಯಲ್ಲೂ ಇದೆ. ಮಂಗಳೂರಿನಲ್ಲಿ ಕಥೋಲಿಕರ ಮನೆಮಾತು ಹೆಚ್ಚಾಗಿ ಕೊಂಕಣಿ, ಬೆಂಗಳೂರಿನ ಹಳೆಯ ಚರ್ಚುಗಳಲ್ಲಿ ತಮಿಳಿನ ಜೋರು. ಮುದಗಲ್ಲಿನವರು ಕನ್ನಡದಲ್ಲೇ ಜಪಸರ ಹಿಡಿದವರು, ತಪಸ್ಸು ಕಾಲದಲ್ಲಿ ಕನ್ನಡದಲ್ಲೇ ಪಾಡು ಹಾಡಿದವರು. ದಕ್ಷಿಣದಲ್ಲೂ ಕನ್ನಡವೇ ಹಾದಿಯಾಯಿತು. 1640ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಆರಂಭಿಸಿದ ಇಟಲಿಯ ಜೆಸ್ವಿಟ್ ಗುರು ಲಿಯೊನಾರ್ದೊ ಚಿನ್ನಮಿ ಕನ್ನಡ ಕಲಿತು, ಕಾವಿ ಉಟ್ಟು, ಸಸ್ಯಾಹಾರಿ ಸನ್ಯಾಸಿಯಂತೆ ಬಾಳಿದರು. ಅದು ಮಧುರೈನಲ್ಲಿ ರಾಬರ್ಟ್ ದೆ ನೊಬಿಲಿ ತೋರಿದ ಹಾದಿ. ಯೇಸುವನ್ನು ಸದ್ಗುರುವೆಂದೂ ತಮ್ಮನ್ನು ಆತನ ಶಿಷ್ಯರೆಂದೂ ಹೇಳಿಕೊಂಡ ಈ ಗುರುಗಳು ಜನರಿಗೆ ಅಪರಿಚಿತರೆನಿಸಲಿಲ್ಲ.

1773ರಲ್ಲಿ ಪೋಪರು ಜೆಸ್ವಿಟ್ ಸಂಘವನ್ನೇ ರದ್ದುಮಾಡಿದರು. ಒಳನಾಡಿನ ಮಿಷನ್‌ಗಳಲ್ಲಿ ಗುರುಗಳ ಅಭಾವ ಕಾಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಹೈದರಾಬಾದ್ ಮಿಷನ್ನನ್ನು ಮಿಲಾನಿನ ಗುರುಗಳು ವಹಿಸಿಕೊಳ್ಳುವವರೆಗೆ, ಇಂಥ ಊರುಗಳಲ್ಲಿ ವಿಶ್ವಾಸವನ್ನು ಹಿಡಿದು ನಡೆಸಿದವರು ಉಪದೇಶಿಗಳು ಮತ್ತು ಮನೆಯ ಹೆಂಗಸರು. ಮಗುವಿಗೆ ಜಪ ಕಲಿಸುವುದು, ಸಾಯುವವರ ತಲೆದೆಸೆಯಲ್ಲಿ ಕೂತು ಪ್ರಾರ್ಥಿಸುವುದು, ಹಬ್ಬದ ದಿನ ಲೆಕ್ಕ ಹಾಕುವುದು ಅವರ ಪಾಲಿಗೆ ಬಂತು. ನಮ್ಮ ಚರಿತ್ರೆಗಳು ಬಿಷಪರ ಪಟ್ಟಿ ಕೊಡುತ್ತವೆ, ಉಪದೇಶಿಗಳ ಪಟ್ಟಿ ಕೊಡುವುದಿಲ್ಲ. ಗುರುವಿಲ್ಲದ ಊರಿನಲ್ಲಿ ಶಿಷ್ಯರಾಗಿ ಉಳಿದವರೇ ಶಿಷ್ಯತ್ವದ ಗಟ್ಟಿ ಸಾಕ್ಷಿಗಳು ಎಂದು ನಾನು ನಂಬುತ್ತೇನೆ.

ಈಗ ಪಾದದ ವಿಷಯ. ಲಿಂಗಾಯತರ ಅಷ್ಟಾವರಣದಲ್ಲಿ ಪಾದೋದಕ ಒಂದು. ಗುರುವಿನ, ಜಂಗಮನ ಪಾದ ತೊಳೆದ ನೀರು ಭಕ್ತನಿಗೆ ತೀರ್ಥ. ಎಡೆದೊರೆ ನಾಡಿನ ಯಾವ ಮನೆಯಲ್ಲೂ ಇದು ಹೊಸದಲ್ಲ. ಯೊವಾನ್ನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಇದರ ದಿಕ್ಕು ತಿರುಗುತ್ತದೆ: ಗುರುವೇ ಮೇಲುಡುಪು ತೆಗೆದಿಟ್ಟು, ನಡುವಿಗೆ ವಸ್ತ್ರ ಕಟ್ಟಿ, ಶಿಷ್ಯರ ಪಾದ ತೊಳೆಯುತ್ತಾನೆ. ಪೇತ್ರ ಬೇಡವೇ ಬೇಡ ಎನ್ನುತ್ತಾನೆ. ಆ ನಿರಾಕರಣೆ ಈ ಸೀಮೆಯ ಭಕ್ತನಿಗೆ ಎಷ್ಟು ಸಹಜವೆನಿಸಬೇಕು! ಪವಿತ್ರ ಗುರುವಾರದ ಸಂಜೆ ಕಥೋಲಿಕ ಗುಡಿಯಲ್ಲಿ ಇದನ್ನೇ ನಡೆಸುತ್ತಾರೆ. ಬೆಂಚಿನ ಮೇಲೆ ಹನ್ನೆರಡು ಮಂದಿ ಕೂತಿರುತ್ತಾರೆ. ಎರೆಹೊಲದಲ್ಲಿ ದುಡಿದ ಕಾಲುಗಳು, ಹಿಮ್ಮಡಿಯ ಬಿರುಕಿನಲ್ಲಿ ಎಷ್ಟು ಉಜ್ಜಿದರೂ ಹೋಗದ ಕರಿಮಣ್ಣು. ಗುರುಗಳು ಮೊಣಕಾಲೂರಿ ಒಂದೊಂದೇ ಪಾದಕ್ಕೆ ನೀರು ಹಾಕಿ, ವಸ್ತ್ರದಿಂದ ಒರೆಸುತ್ತ ಸಾಗುತ್ತಾರೆ. ಮುದುಕರು ಕಾಲು ಹಿಂದಕ್ಕೆ ಎಳೆದುಕೊಳ್ಳುವುದನ್ನು ನೋಡಿದ್ದೇನೆ. ಸ್ವಾಮಿಗಳ ಕೈಗೆ ತಮ್ಮ ಕಾಲು ಕೊಡಲು ಅವರ ಮೈಯೇ ಒಪ್ಪುವುದಿಲ್ಲ. 2016ರಲ್ಲಿ ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿ, ಆ ಬೆಂಚಿನ ಮೇಲೆ ಹೆಂಗಸರೂ ಕೂಡಬಹುದೆಂದರು. ಲೂಕನ ಸುವಾರ್ತೆಯ ಹೆಂಗಸರಿಗೆ ಅದು ಬಹಳ ತಡವಾಗಿ ಸಂದ ನ್ಯಾಯ.

ಪಂಕ್ತಿಯ ಕಥೆ ಇಷ್ಟು ಸುಂದರವಲ್ಲ. ಯೇಸುವಿನ ಮೇಲೆ ಬಂದ ದೂರುಗಳಲ್ಲಿ ದೊಡ್ಡದು, ಸುಂಕದವರ ಜೊತೆ, ಪಾಪಿಗಳ ಜೊತೆ ಊಟ ಮಾಡುತ್ತಾನೆ ಎಂಬುದು. ಆದರೆ ನೊಬಿಲಿಯ ಹಾದಿಯ ಗುರುಗಳು ಜಾತಿಯ ಅಂತರವನ್ನು ಮುಟ್ಟದೆ ಬಿಟ್ಟರು. ಮಧುರೈನಲ್ಲಿ ಮೇಲ್ಜಾತಿಗೆ ಸನ್ಯಾಸಿ ಗುರುಗಳು, ಕೆಳಜಾತಿಗೆ ಪಂಡಾರ ಗುರುಗಳು ಎಂಬ ಏರ್ಪಾಟೇ ಆಯಿತು. ಜನರನ್ನು ಸೇರುವುದಕ್ಕೆ ಅದು ಅನಿವಾರ್ಯವಾಗಿತ್ತು ಎಂದು ವಾದಿಸುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಪಾದ ತೊಳೆಯುವುದನ್ನು ವರ್ಷಕ್ಕೊಮ್ಮೆ ನೆನೆಯುತ್ತ, ಪಂಕ್ತಿಯನ್ನು ವರ್ಷವಿಡೀ ಬೇರೆ ಇಟ್ಟರೆ, ಮೊದಲನೆಯದರ ಅರ್ಥವೂ ಸೋರಿಹೋಗುತ್ತದೆ.

ತುಂಗಭದ್ರೆಯಾಚೆಯಿಂದ ಇನ್ನೊಂದು ಧಾರೆ, ಪ್ರಾಟೆಸ್ಟೆಂಟರದು, ಬಂತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿಕ್ಕಿತು. 1862ರಲ್ಲಿ ಮಿಷನರಿ ಕಿಟೆಲ್ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ಕನ್ನಡ ಪದ್ಯದಲ್ಲಿ ಹಾಡಲು ಯತ್ನಿಸಿದರು.   ಮುಂದೆ ರಾಯಚೂರಿನಲ್ಲಿ ಮೆಥೊಡಿಸ್ಟರು ನೆಲೆಯೂರಿದರು.

1876–78ರ ಬರ ಬಳ್ಳಾರಿಯನ್ನೂ ರಾಯಚೂರು ಸೀಮೆಯನ್ನೂ ಹಿಂಡಿತು. ಅದೇ ಬರದ ನಂತರ, 1878ರ ಜುಲೈ 3ರಂದು, ತೆಲುಗು ನಾಡಿನ ಒಂಗೋಲು ಮಿಷನ್ನಿನಲ್ಲಿ ಒಂದೇ ದಿನ 2,222 ಮಂದಿ ದೀಕ್ಷಾಸ್ನಾನ ಪಡೆದರು. ಅಂದಿನಿಂದ ದಲಿತ ಕ್ರೈಸ್ತರ ಬೆನ್ನಿಗೆ ಗಂಜಿಗಾಗಿ ಹೋದವರು ಎಂಬ ಚುಚ್ಚುಮಾತು ಅಂಟಿಕೊಂಡಿದೆ. ರೊಟ್ಟಿ ತಿಂದು ಹೊಟ್ಟೆ ತುಂಬಿದ್ದಕ್ಕೆ ನನ್ನನ್ನು ಹುಡುಕುತ್ತಿದ್ದೀರಿ ಎಂದು ಯೇಸು ತಾನೇ ಜನರಿಗೆ ಹೇಳಿದ್ದನ್ನು ಯೊವಾನ್ನ ಬರೆದಿಟ್ಟಿದ್ದಾನೆ. ಆದರೂ ಆತ ಮೊದಲು ರೊಟ್ಟಿ ಹಂಚಿದ್ದ. ಹಸಿದವನು ಅನ್ನವಿರುವ ಕಡೆ ಹೋಗುವುದು ತಪ್ಪಲ್ಲ. ಆತನನ್ನು ಊರ ಬಾವಿಯಿಂದ ದೂರ ಇಟ್ಟವರು ಆತನ ಭಕ್ತಿಯ ಶುದ್ಧಿಯನ್ನು ತೂಗಲು ಹೊರಡುವುದು ತಪ್ಪು.

1953ರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಸಿಂಧನೂರಿನ ಚಹರೆಯೇ ಬದಲಾಯಿತು. ಜೋಳದ ಹೊಲ ಭತ್ತದ ಗದ್ದೆಯಾಯಿತು, ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಮುಂದೆ ಪೂರ್ವ ಪಾಕಿಸ್ತಾನದ ಬಂಗಾಳಿ ನಿರಾಶ್ರಿತರಿಗೂ ಇಲ್ಲಿ ಆರ್.ಎಚ್. ಎಂಬ ಪುನರ್ವಸತಿ ಕ್ಯಾಂಪುಗಳಾದವು. ಕ್ಯಾಂಪಿನವರಲ್ಲಿ ತೆಲುಗು ಬೈಬಲ್ ಹಿಡಿದು ಬಂದವರೂ ಇದ್ದರು. ಮುದಗಲ್ಲಿನ ಕೋಟೆಯ ಪಕ್ಕದ ನಿಧಾನದ ಕನ್ನಡ ಭಕ್ತಿಗೂ ಸಿಂಧನೂರಿನ ಕ್ಯಾಂಪಿನ ತಮಟೆ, ಚಪ್ಪಾಳೆಯ ಆರಾಧನೆಗೂ ಒಂದೇ ಜಿಲ್ಲೆಯೊಳಗೆ ಎಷ್ಟೋ ದೂರ. ಎರಡನ್ನೂ ಒಟ್ಟಿಗಿಟ್ಟು ನೋಡುವ ಅಧ್ಯಯನ ನಮ್ಮ ವಿಶ್ವವಿದ್ಯಾಲಯಗಳಿಂದ ಬರಬೇಕಿದೆ.

ಶಿಲುಬೆ ಹೊರುವುದಕ್ಕೆ ಇಲ್ಲಿ ಕಾಗದದ ರೂಪವೂ ಇದೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಮೊದಲು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಅದನ್ನು ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಲಾಯಿತು. ಕ್ರೈಸ್ತರಿಗೂ ಮುಸ್ಲಿಮರಿಗೂ ಇನ್ನೂ ಇಲ್ಲ. ಈ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿತು. ಈ ಸ್ಥಿತಿಯಲ್ಲಿ ಒಂದೇ ಕೇರಿಯ ಇಬ್ಬರು ಅಣ್ಣತಮ್ಮಂದಿರಲ್ಲಿ, ಚರ್ಚಿಗೆ ಹೋಗುತ್ತಿದ್ದರೂ ದೀಕ್ಷಾಸ್ನಾನ ಪಡೆಯದವನಿಗೆ ಪರಿಶಿಷ್ಟ ಜಾತಿಯ ಸರ್ಟಿಫಿಕೇಟ್ ಸಿಗುತ್ತದೆ, ಬಹಿರಂಗವಾಗಿ ದೀಕ್ಷಾಸ್ನಾನ ಪಡೆದವನಿಗೆ ಸಿಗುವುದಿಲ್ಲ. ಊರಿನವರ ಕಣ್ಣಿಗೆ ಇಬ್ಬರ ಜಾತಿಯೂ ಒಂದೇ, ಹೋಟೆಲಿನಲ್ಲಿ ಇಬ್ಬರಿಗೂ ಆಗುವ ಅವಮಾನ ಒಂದೇ. ದೀಕ್ಷೆಯನ್ನು ಮುಂದೂಡುತ್ತ ಬಂದ ಅಣ್ಣನನ್ನು ಅಂಜುಬುರುಕನೆಂದು ಕರೆಯಲು ನನಗೆ ಮನಸ್ಸಿಲ್ಲ. ಮಗಳ ಕಾಲೇಜಿನ ಸೀಟು ಆ ಕಾಗದದ ಮೇಲೆ ನಿಂತಿದೆ.