ಕಿಡಿ ಹಾರುವ ಹೊತ್ತು: ಬೀಟಲ್ ಕಾರಿನಿಂದ ಕಳಚಿಟ್ಟ ಪುಟ್ಟ ಡಬ್ಬಿಯ ಕಥೆ

ಹಳೆಯ ಪೆಟ್ರೋಲ್ ಅಂಬಾಸಿಡರ್‌ನ ಬಾನೆಟ್ ಎತ್ತಿದರೆ ಪ್ಲಗ್‌ಗಳಿಗೆ ವೈರು ಹೋಗುವ ಕಪ್ಪು ಮುಚ್ಚಳವೊಂದು ಕಾಣುತ್ತಿತ್ತು. ಅದೇ ಡಿಸ್ಟ್ರಿಬ್ಯೂಟರ್. ಅದರ ಪಕ್ಕಕ್ಕೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ತಗಡಿನ ಡಬ್ಬಿ, ಡಬ್ಬಿಯಿಂದ ಕಾರ್ಬ್ಯುರೇಟರ್‌ಗೆ ಸಣ್ಣ ಪೈಪು. ಆ ಪೈಪು ಕಿತ್ತುಹೋದರೂ ಗಾಡಿ ಓಡುತ್ತಿತ್ತು. ಹಾಗಾಗಿ ಅದರ ಕೆಲಸ ಏನೆಂದು ಕೇಳಿದವರು ಕಡಿಮೆ.

ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲೂ ಇಂಥದ್ದೇ ಡಬ್ಬಿ ಇತ್ತು. ಇಲ್ಲದಿದ್ದರೂ ಗಾಡಿ ಓಡುತ್ತದಲ್ಲ ಎಂದು ಎಷ್ಟೋ ಮಂದಿ ಅದನ್ನು ತೆಗೆದೇ ಹಾಕಿದರು. ಈಗ ಹಳೆಯ ಬೀಟಲ್ ಇಟ್ಟುಕೊಂಡವರು ದುಡ್ಡು ಕೊಟ್ಟು ಅದನ್ನು ಮತ್ತೆ ಹಾಕಿಸಿಕೊಳ್ಳುತ್ತಿದ್ದಾರೆ. ಏಕೆ ತೆಗೆದರು, ಏಕೆ ವಾಪಸ್ ತಂದರು ಎಂಬುದನ್ನು ಈ ಬರಹದಲ್ಲಿ ನೋಡೋಣ.

ಜೋಕಾಲಿಯ ಲೆಕ್ಕ

ಜೋಕಾಲಿ ತೂಗುವಾಗ ಯಾವಾಗ ತಳ್ಳುತ್ತೇವೆ ಎಂಬುದೇ ಮುಖ್ಯ. ಬೇಗ ತಳ್ಳಿದರೆ ಎದುರಿಗೆ ಬರುವ ಜೋಕಾಲಿಗೇ ಅಡ್ಡ. ತಡವಾದರೆ ನಮ್ಮ ಬಲ ದಂಡ. ಎಂಜಿನ್‌ನಲ್ಲಿ ಪ್ಲಗ್ ಕಿಡಿ ಹಾರುವುದೂ ಹೀಗೆಯೇ.

ಕಿಡಿ ಹಾರಿದ ಕ್ಷಣಕ್ಕೇ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಸೆಕೆಂಡಿನ 500ರಲ್ಲಿ ಒಂದು ಪಾಲು ಹೊತ್ತು ಬೇಕು ಎಂದಿಟ್ಟುಕೊಳ್ಳಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ, ಅಷ್ಟು ಹೊತ್ತಿನಲ್ಲಿ ಕ್ರ್ಯಾಂಕ್ 36 ಡಿಗ್ರಿ ಮುಂದೆ ಹೋಗಿರುತ್ತದೆ. ಆದ್ದರಿಂದ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ವೇಗ ಹೆಚ್ಚಿದಷ್ಟೂ ಇನ್ನೂ ಮೊದಲು. ಇದನ್ನೇ ಮೆಕ್ಯಾನಿಕ್‌ಗಳು ಅಡ್ವಾನ್ಸ್ ಎನ್ನುತ್ತಾರೆ.

ವೇಗದ ಜೊತೆಗೆ ಇನ್ನೊಂದು ಲೆಕ್ಕವೂ ಇದೆ, ಅದು ಹೊರೆಯದು. ಒತ್ತೊತ್ತಾಗಿ ಬಿದ್ದ ಒಣಹುಲ್ಲಿಗೆ ಬೆಂಕಿ ಸರಸರನೆ ಹಬ್ಬುತ್ತದೆ, ಚದುರಿದ ಹುಲ್ಲಿಗೆ ನಿಧಾನ. ಆಕ್ಸಿಲರೇಟರ್ ಪೂರ್ತಿ ಒತ್ತಿ ಏರು ಹತ್ತುವಾಗ ಸಿಲಿಂಡರ್ ತುಂಬ ಮಿಶ್ರಣ ಇರುತ್ತದೆ, ಬೇಗ ಉರಿಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಹಗುರವಾಗಿ ಹೋಗುವಾಗ ಮಿಶ್ರಣ ತೆಳು, ಉರಿಯಲು ಹೆಚ್ಚು ಹೊತ್ತು ಬೇಕು. ಆಗ ಕಿಡಿ ಇನ್ನಷ್ಟು ಬೇಗ ಹಾರಬೇಕು.

ಕೈಯಿಂದ ಯಂತ್ರಕ್ಕೆ

ಮೊದಮೊದಲು ಈ ಲೆಕ್ಕ ಚಾಲಕನದೇ ಆಗಿತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಸ್ಟೀರಿಂಗ್ ಕೆಳಗೆ ಎರಡು ಲಿವರ್ ಇದ್ದವು. ಬಲಗಡೆಯದು ವೇಗಕ್ಕೆ, ಎಡಗಡೆಯದು ಕಿಡಿಯ ಹೊತ್ತಿಗೆ. ಕಿಡಿ ಮುಂದಿರುವಾಗಲೇ ಹ್ಯಾಂಡಲ್ ತಿರುಗಿಸಿದರೆ ಎಂಜಿನ್ ಒದ್ದು ಕೈ ಮುರಿಯುತ್ತಿತ್ತು.

ಅದೇ ಕಾಲಕ್ಕೆ ಅಮೆರಿಕದ ಡೇಟನ್ ಊರಿನ ಒಂದು ಕೊಟ್ಟಿಗೆಯಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಗೆಳೆಯರು ಬ್ಯಾಟರಿ, ಕಾಯಿಲ್, ಪಾಯಿಂಟ್ ಬಳಸಿ ಕಿಡಿ ಹಾರಿಸುವ ವ್ಯವಸ್ಥೆ ರೂಪಿಸಿದರು. ಕೆಟರಿಂಗ್ ಓಹಾಯೋ ರಾಜ್ಯದ ರೈತರ ಮಗ. ಮುಂದೆ ಹಲವು ದಶಕ ಜಗತ್ತಿನ ಬಹುಪಾಲು ಪೆಟ್ರೋಲ್ ಕಾರುಗಳು ಇದೇ ದಾರಿ ಹಿಡಿದವು.

ಆಮೇಲೆ ಡಿಸ್ಟ್ರಿಬ್ಯೂಟರ್ ಒಳಗೆ ಪುಟ್ಟ ತೂಕಗಳು ಸೇರಿದವು. ವೇಗ ಹೆಚ್ಚಿದಾಗ ಅವು ಸ್ಪ್ರಿಂಗ್ ಎಳೆದುಕೊಂಡು ಹೊರಗೆ ಚಾಚಿ ಕಿಡಿಯನ್ನು ಮುಂದೆ ಮಾಡುತ್ತವೆ. ಇದು ವೇಗದ ಲೆಕ್ಕ. ಹೊರೆಯ ಲೆಕ್ಕಕ್ಕೆ ಬಂದದ್ದೇ ನಮ್ಮ ತಗಡಿನ ಡಬ್ಬಿ. ಅದರೊಳಗೆ ತೆಳುವಾದ ರಬ್ಬರ್ ಪೊರೆ ಇದೆ. ಹಗುರವಾಗಿ ಓಡಿಸುವಾಗ ಕಾರ್ಬ್ಯುರೇಟರ್‌ನ ಎಳೆತ ಪೈಪಿನ ಮೂಲಕ ಆ ಪೊರೆಯನ್ನು ಎಳೆಯುತ್ತದೆ, ಪೊರೆಯು ಪಾಯಿಂಟ್ ಕೂತ ತಟ್ಟೆಯನ್ನು ತಿರುಗಿಸುತ್ತದೆ, ಕಿಡಿ ಬೇಗ ಹಾರುತ್ತದೆ. ಏರಿನಲ್ಲಿ ಪೂರ್ತಿ ಒತ್ತಿದಾಗ ಎಳೆತ ಇಲ್ಲವಾಗಿ ತಟ್ಟೆ ಹಿಂದಕ್ಕೆ ಬರುತ್ತದೆ. ಇದೇ ವ್ಯಾಕ್ಯೂಮ್ ಅಡ್ವಾನ್ಸ್.

ಬೀಟಲ್‌ನಲ್ಲಿ ಆದದ್ದು

ಬೀಟಲ್ ಎಂಜಿನ್ ಹಿಂಭಾಗದಲ್ಲಿದೆ. ರೇಡಿಯೇಟರ್ ಇಲ್ಲ, ನೀರಿಲ್ಲ. ಬೆಲ್ಟಿನಿಂದ ತಿರುಗುವ ಫ್ಯಾನ್ ಗಾಳಿಯೇ ಅದನ್ನು ತಣ್ಣಗಿಡಬೇಕು. 1972ರ ಫೆಬ್ರವರಿ 17ರಂದು ಅದು ಮಾಡೆಲ್ ಟಿ ದಾಖಲೆಯನ್ನು ದಾಟಿತು. 2003ರಲ್ಲಿ ಮೆಕ್ಸಿಕೋದ ಪುಯೆಬ್ಲಾದಲ್ಲಿ ಕೊನೆಯ ಕಾರು ಹೊರಬರುವ ಹೊತ್ತಿಗೆ ಒಟ್ಟು 2 ಕೋಟಿ 15 ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು.

1960ರ ದಶಕದ ಹಲವು ಬೀಟಲ್‌ಗಳಲ್ಲಿ ತೂಕಗಳೇ ಇರಲಿಲ್ಲ, ಎಲ್ಲ ಕೆಲಸ ಡಬ್ಬಿಯದೇ. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಹೊಗೆಯ ಕಾನೂನು ಬಿಗಿಯಾಯಿತು. ಆಗ ಕೆಲವು ಮಾದರಿಗಳಲ್ಲಿ ಡಬ್ಬಿಗೆ ಎರಡನೇ ಪೈಪು ಬಂತು. ಸ್ಲೋನಲ್ಲಿರುವಾಗ ಹೊಗೆ ಕಡಿಮೆಯಾಗಲೆಂದು ಅದು ಕಿಡಿಯನ್ನು ಬೇಕೆಂದೇ ತಡ ಮಾಡುತ್ತಿತ್ತು. ವರ್ಷಗಳು ಕಳೆದಂತೆ ರಬ್ಬರ್ ಪೊರೆ ಹರಿಯಿತು. ಯಾವ ಪೈಪು ಎಲ್ಲಿಗೆ ಎಂಬ ಗೊಂದಲವೂ ಸೇರಿತು.

ಇದಕ್ಕೆ ಸುಲಭದ ಉತ್ತರವಾಗಿ ಸಿಕ್ಕಿದ್ದು ಬಾಷ್ ಕಂಪನಿಯ 009 ಡಿಸ್ಟ್ರಿಬ್ಯೂಟರ್. ಅದಕ್ಕೆ ಡಬ್ಬಿ ಇಲ್ಲ, ಪೈಪಿಲ್ಲ, ಒಳಗೆ ತೂಕಗಳು ಮಾತ್ರ. ಬೆಲೆಯೂ ಕಡಿಮೆ. 1964ರಲ್ಲಿ ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ ಬೀಟಲ್ ಯಂತ್ರಭಾಗಗಳ ಮೇಲೆ ಮರಳಿನಲ್ಲಿ ಓಡುವ ಮೇಯರ್ಸ್ ಮ್ಯಾಂಕ್ಸ್ ಕಟ್ಟಿದ ಮೇಲೆ, ಇಂಥ ಎಂಜಿನ್‌ಗೆ ಜೋಡಿ ಕಾರ್ಬ್ಯುರೇಟರ್ ಹಾಕಿ ವೇಗ ಹೆಚ್ಚಿಸುವ ಹುಚ್ಚು ಹಬ್ಬಿತು. ದೊಡ್ಡ ಜೋಡಿ ಕಾರ್ಬ್ಯುರೇಟರ್‌ಗಳಲ್ಲಿ ಡಬ್ಬಿಗೆ ಬೇಕಾದ ಎಳೆತ ಸರಿಯಾಗಿ ಸಿಗುವುದಿಲ್ಲ. ಅಲ್ಲಿ 009 ಹಾಕುವುದರಲ್ಲಿ ಅರ್ಥವಿತ್ತು. ಆದರೆ ರೇಸಿನವರು ಹಾಕುತ್ತಾರೆಂದ ಮೇಲೆ ಒಳ್ಳೆಯದೇ ಇರಬೇಕು ಎಂದು ಪೇಟೆಗೆ ಹೋಗಿ ಬರುವ ಮಾಮೂಲಿ ಬೀಟಲ್‌ಗೂ ಅದನ್ನೇ ಕೂರಿಸಿದರು.

ತೊಂದರೆ ಕಂಡದ್ದು 1971ರಿಂದ ಬಂದ ಸೋಲೆಕ್ಸ್ 34 ಪಿಕ್ಟ್ 3 ಕಾರ್ಬ್ಯುರೇಟರ್ ಜೊತೆ. ಆಕ್ಸಿಲರೇಟರ್ ಒತ್ತಿದ ತಕ್ಷಣ ಗಾಡಿ ಒಂದು ಕ್ಷಣ ತಡವರಿಸುತ್ತಿತ್ತು. ಈ ಕಾರ್ಬ್ಯುರೇಟರ್ ಕೊಡುವ ಮಿಶ್ರಣ ತೆಳು. ಒತ್ತಿದ ಕ್ಷಣಕ್ಕೆ ಎಂಜಿನ್ ವೇಗ ಇನ್ನೂ ಏರಿರುವುದಿಲ್ಲ, ತೂಕಗಳು ಚಾಚಿರುವುದಿಲ್ಲ, ಕಿಡಿ ತಡವಾಗಿಯೇ ಇರುತ್ತದೆ. ಡಬ್ಬಿ ಇದ್ದಿದ್ದರೆ ಥ್ರಾಟಲ್ ಸ್ವಲ್ಪ ತೆರೆದ ಕೂಡಲೇ ಎಳೆತ ಸಿಕ್ಕಿ ಕಿಡಿ ಮುಂದಾಗುತ್ತಿತ್ತು.

ನಷ್ಟ ತಡವರಿಕೆಗೆ ಮುಗಿಯುವುದಿಲ್ಲ. ತೂಕಗಳಿಗೆ ಹೊರೆ ಗೊತ್ತಾಗುವುದಿಲ್ಲ. ಏರಿನಲ್ಲಿ ನಾಕಿಂಗ್ ಬಾರದಂತೆ ಟೈಮಿಂಗ್ ಇಟ್ಟರೆ, ಸಮತಟ್ಟಿನಲ್ಲಿ ಅದೇ ಟೈಮಿಂಗ್ ತಡವಾಗುತ್ತದೆ. ತಡವಾಗಿ ಉರಿದ ಪೆಟ್ರೋಲ್ ಪಿಸ್ಟನ್ ತಳ್ಳುವ ಬದಲು ಸೈಲೆನ್ಸರ್ ಕಡೆಗೆ ಬಿಸಿಯಾಗಿ ಹೋಗುತ್ತದೆ. ಮೈಲೇಜ್ ಇಳಿಯುತ್ತದೆ, ಎಕ್ಸಾಸ್ಟ್ ವಾಲ್ವ್ ಕಾಯುತ್ತದೆ. ಗಾಳಿಯನ್ನೇ ನಂಬಿದ ಎಂಜಿನ್‌ಗೆ ಇದು ಸಣ್ಣ ಮಾತಲ್ಲ.

ಮರಳಿ ಬಂದ ಡಬ್ಬಿ

ಈಗ ಹಳೆಯ ಬೀಟಲ್‌ಗಳಿಗೆ ತೂಕವೂ ಡಬ್ಬಿಯೂ ಎರಡೂ ಇರುವ, ಒಂದೇ ಪೈಪಿನ ಡಿಸ್ಟ್ರಿಬ್ಯೂಟರ್‌ಗಳು ಹೊಸದಾಗಿ ಸಿಗುತ್ತವೆ. ಕೆಲವದರಲ್ಲಿ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಭಾಗ ಇರುತ್ತದೆ. 34 ಪಿಕ್ಟ್ 3 ಇರುವ ಎಂಜಿನ್‌ಗೆ ಇದನ್ನು ಹಾಕುವಾಗ ಪೈಪು ಕಳಚಿ, ತುದಿ ಮುಚ್ಚಿ, ಸ್ಲೋನಲ್ಲಿ ಪಿಸ್ಟನ್ ತುದಿ ಮುಟ್ಟುವ 7.5 ಡಿಗ್ರಿ ಮೊದಲು ಕಿಡಿ ಹಾರುವಂತೆ ಟೈಮಿಂಗ್ ಇಡುವುದು ರೂಢಿ. ಆಮೇಲೆ ಪೈಪನ್ನು ಕಾರ್ಬ್ಯುರೇಟರ್‌ನ ಸರಿಯಾದ ತೂತಿಗೇ ಕೊಡಬೇಕು. ಪೊರೆ ಗಟ್ಟಿ ಇದೆಯೇ ಎಂದು ನೋಡಲು ಉಪಕರಣ ಬೇಡ. ಡಬ್ಬಿಯ ಪೈಪನ್ನು ಬಾಯಲ್ಲಿ ಹೀರಿ ನಾಲಿಗೆ ಒತ್ತಿ ಹಿಡಿಯಿರಿ. ಒಳಗಿನ ತಟ್ಟೆ ತಿರುಗಿ ಅಲ್ಲೇ ನಿಂತರೆ ಪೊರೆ ಸರಿಯಿದೆ ಎಂದರ್ಥ.

009 ಮಾರಿದ ಬಾಷ್ ನಮಗೆ ಹೊರಗಿನದಲ್ಲ. ಅದರ ಜೊತೆಗಾರಿಕೆಯಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದೇ ಮೈಕೋ. ನಮ್ಮ ಅಪ್ಪಂದಿರು ಮೊಪೆಡ್‌ಗೆ ಹಾಕಿಸುತ್ತಿದ್ದ ಮೈಕೋ ಪ್ಲಗ್ ಅಲ್ಲಿಯದು.

ಇನ್ನು ಆ ಡಬ್ಬಿ ಮಾಡುತ್ತಿದ್ದ ಕೆಲಸ ನಿಮ್ಮ ಮನೆಯಂಗಳದಲ್ಲೇ ಇರಬಹುದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಬೈಕ್‌ಗಳಲ್ಲಿ ಬಹುಪಾಲಿಗೆ ಕಾರ್ಬ್ಯುರೇಟರ್ ಇಲ್ಲ, ಸೆನ್ಸರ್‌ಗಳಿವೆ. ಹೊರೆ ಎಷ್ಟಿದೆ ಎಂದು ಅವು ಅಳೆದು ಹೇಳುತ್ತವೆ, ಕಿಡಿ ಯಾವಾಗ ಹಾರಬೇಕೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಹಿಂದೆ ಒಂದು ರಬ್ಬರ್ ಪೊರೆ ಮತ್ತು ಗೇಣುದ್ದದ ಪೈಪು ಈ ಕೆಲಸ ಮಾಡುತ್ತಿದ್ದವು.