ಗಾಳ ಹಿಡಿದ ಕಲೆಕ್ಟರರು

ಹಾಲಾಡಿಯ ವಾರಾಹಿಯಲ್ಲೋ, ಕೊಲ್ಲೂರಿನ ಸೌಪರ್ಣಿಕೆಯಲ್ಲೋ, ಬ್ರಹ್ಮಾವರದ ಬಳಿಯ ಸೀತಾನದಿಯಲ್ಲೋ ಅಪ್ಪ, ಚಿಕ್ಕಪ್ಪಂದಿರ ಜೊತೆ ನೀವು ಗಾಳ ಹಾಕಿರಬಹುದು. ಎರೆಹುಳು ಚುಚ್ಚಿ ಕಾಯುವುದು ನಮ್ಮ ಕ್ರಮ. ಇಂಗ್ಲಿಷರ ಹವ್ಯಾಸವೇ ಬೇರೆ: ಕೊಕ್ಕೆಗೆ ಹಕ್ಕಿಯ ಗರಿ, ರೇಷ್ಮೆ ನೂಲು ಸುತ್ತಿ ಮಾಡಿದ ಹುಸಿ ನೊಣ. ಅದಕ್ಕೆ ತೂಕವೇ ಇಲ್ಲ. ಬೀಸಿದಾಗ ಅದನ್ನು ದೂರಕ್ಕೆ ಒಯ್ಯುವುದು ದಪ್ಪ ದಾರದ ಭಾರ.

ಹೀಗೆ ಗಾಳದ ಹುಚ್ಚಿದ್ದ ಹೆನ್ರಿ ಸಲಿವನ್ ಥಾಮಸ್ ಅವರು ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದರು. ನಿಮ್ಮ ಕುಂದಾಪುರ, ಬೈಂದೂರುಗಳೂ ಆಗ ಅದೇ ಜಿಲ್ಲೆ. ಅವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ನನಗೆ ಮುಖ್ಯವೆನಿಸುವುದು ಅದಕ್ಕೂ ಮೊದಲಿನ, 1870ರ ಅವರ ಮೀನುಸಾಕಣೆ ವರದಿ. ಸಣ್ಣ ಕಣ್ಣಿನ ಬಲೆ, ವಿಷಗಳಿಂದ ಮರಿಮೀನುಗಳನ್ನು ಬಳಿಯುವುದು ನಿಲ್ಲಬೇಕೆಂಬುದು ಅವರ ವಾದ. 1897ರ ಭಾರತೀಯ ಮೀನುಗಾರಿಕೆ ಕಾಯಿದೆ ವಿಷ, ಸಿಡಿಮದ್ದುಗಳ ಬಳಕೆಯನ್ನು ಅಪರಾಧವಾಗಿಸಿತು.

ಶೋಕಿಗೆ ಹಿಡಿಯುವವರ ಮಾತನ್ನು ಹೊಟ್ಟೆಗೆ ಹಿಡಿಯುವವರು ಏಕೆ ಕೇಳಬೇಕು? ನ್ಯಾಯವಾದ ಪ್ರಶ್ನೆಯೇ. ಆದರೆ ಲೆಕ್ಕ ನೋಡಿ: ಮೊದಲ ಮಳೆಗೆ ತೋಡು, ಗದ್ದೆಗಳಿಗೆ ಹತ್ತಿಬರುವ ಮೀನು ಬರುವುದೇ ಮೊಟ್ಟೆಯಿಡಲು. ಆ ರಾತ್ರಿ ಹೊಟ್ಟೆ ತುಂಬಿದ ಒಂದು ಮೀನು ಬುಟ್ಟಿಗೆ ಬಿದ್ದರೆ, ಜೊತೆಗೆ ಸಾವಿರಾರು ಮೊಟ್ಟೆಗಳೂ ಬಿದ್ದಂತೆ.